ಗಾರೆಕೆಲಸದವರ ಸಂಘದ ಜಾಲತಾಣ

ವಾಚಕ ಮಹಾಶಯರಲ್ಲಿ ಕೆಲವರು ಈ ಲೇಖನದ ತಲೆಬರಹವನ್ನು ನೋಡಿ, ಮೂವತ್ತನಾಲ್ಕು ವರ್ಷಕಾಲ ಹುಡುಗರಿಂದ ರಾಮಶಬ್ದವನ್ನು ಗಟ್ಟಿಮಾಡಿಸಿದ ಸಂಸ್ಕೃತದ ಮೇಷ್ಟರಿಗೂ ಗಾರೆಕೆಲಸದವರ ಸಂಘಕ್ಕೂ, ಅದರಲ್ಲಿಯೂ ಆ ಸಂಘದ ಜಾಲತಾಣಕ್ಕೂ, ಎಲ್ಲಿಯ ಸಂಬಂಧವೆಂದು ಆಶ್ಚರ್ಯಪಡಬಹುದು. ಕೆಲವು ವರ್ಷಗಳ ಹಿಂದೆ ಯಾರಾದರೂ ನನಗೆ ಈ ಮಾತನ್ನು ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆನು. ಆದರೆ ಆ ಕೆಲಸಕ್ಕೆ ಕೈಹಾಕಿದ ಮೇಲೆ ನನ್ನಿಂದ ಒಂದು ದೊಡ್ಡ ತಪ್ಪು ನಡೆಯಿತು. ಆ ತಪ್ಪಿನಿಂದ ಕಲಿತ ಪಾಠವು ಇತರರಿಗೂ ಉಪಯೋಗಕ್ಕೆ ಬರಬಹುದೆಂಬ ಭಾವನೆಯಿಂದ ಇದನ್ನು ಬರೆಯುತ್ತಿದ್ದೇನೆ.

2024ನೆಯ ಇಸವಿಯಲ್ಲಿ, ಮಳೆಗಾಲ ಕಳೆದ ಒಂದು ಭಾನುವಾರ ಸಂಜೆ, ನಾನು ಜಗಲಿಯ ಮೇಲೆ ಕುಳಿತಿರುವಾಗ ಇಬ್ಬರು ಬಂದರು. ಒಬ್ಬನು ನನ್ನ ಹಳೆಯ ಶಿಷ್ಯ. ತರಗತಿಯಲ್ಲಿ ಹಿಂದಿನ ಬೆಂಚಿನವನು, ಈಗ ಊರಿನಲ್ಲಿ ಹೆಸರುವಾಸಿಯಾದ ಮೇಸ್ತ್ರಿ. ಇನ್ನೊಬ್ಬರು ಕಟ್ಟಡ ಕಾರ್ಮಿಕರ ಸಂಘದ ನಮ್ಮೂರ ಶಾಖೆಯ ಕಾರ್ಯದರ್ಶಿಗಳು. ಕುಶಲಪ್ರಶ್ನೆಯಾದ ಮೇಲೆ ಮೇಸ್ತ್ರಿಯು ವಿಷಯವನ್ನು ಎತ್ತಿದನು.

“ಮೇಷ್ಟ್ರೇ, ನಮ್ಮ ಸಂಘಕ್ಕೊಂದು ಜಾಲತಾಣ ಇದೆ. ಒಬ್ಬ ಹುಡುಗ ಮಾಡಿಕೊಟ್ಟಿದ್ದ. ಅವನು ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ. ಅದರಲ್ಲಿ ಬರೀ ತಪ್ಪೇ ತುಂಬಿದೆ ಅಂತ ಓದಿದೋರು ನಗ್ತಾರೆ. ತಾವು ಸ್ವಲ್ಪ ನೋಡಿ ತಿದ್ದಿಕೊಡಬೇಕು.”

“ಆ ಯಂತ್ರದ ವಿದ್ಯೆ ನನಗೆ ಬಾರದಪ್ಪ,” ಎಂದೆನು.

“ಯಂತ್ರವನ್ನು ನಮ್ಮ ಹುಡುಗರು ನೋಡಿಕೊಳ್ತಾರೆ ಸ್ವಾಮಿ. ಒತ್ತಕ್ಷರ ದೀರ್ಘ ತಾವು ನೋಡಿ, ಸಾಕು,” ಎಂದರು ಕಾರ್ಯದರ್ಶಿಗಳು.

ಒತ್ತಕ್ಷರ ದೀರ್ಘವೆಂದರೆ ನನ್ನ ಜೀವಮಾನದ ವೃತ್ತಿ. ಒಪ್ಪಿಕೊಂಡೆನು.

ಗಾರೆಕೆಲಸದವರ ಸಂಘದ ಸಮಾಚಾರ ಗೃಹಸ್ಥರಿಗೇಕೆಂದು ಕೇಳಬಾರದು. ನಾವು ಮಲಗಿ ಏಳುವ ಮನೆಯನ್ನು ಕಟ್ಟಿದವರು ಅವರೇ. ಗೃಹಪ್ರವೇಶದ ದಿನ ಪುರೋಹಿತರಿಗೂ ನೆಂಟರಿಷ್ಟರಿಗೂ ಉಪಚಾರ ನಡೆಯುತ್ತದೆ. ಇಟ್ಟಿಗೆ ಹೊತ್ತವಳು ಆ ವೇಳೆಗೆ ಬೇರೊಂದು ಬೀದಿಯಲ್ಲಿ ಬೇರೊಬ್ಬರ ಪಾಯದಲ್ಲಿರುತ್ತಾಳೆ. ಇವರಿಗೆ ನಿಂತ ಯಜಮಾನನಿಲ್ಲ, ನಿಂತ ಸ್ಥಳವಿಲ್ಲ. ಈ ಕಾರಣದಿಂದಲೇ 1996ರಲ್ಲಿ ಕೇಂದ್ರ ಸರ್ಕಾರವು ಕಟ್ಟಡ ಕಾರ್ಮಿಕರಿಗಾಗಿ ಪ್ರತ್ಯೇಕವಾದ ಕಾಯಿದೆಗಳನ್ನು ಮಾಡಿತು. ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದು ರೂಪಾಯಿಯನ್ನು ಸೆಸ್ ಎಂಬ ಹೆಸರಿನಿಂದ ವಸೂಲು ಮಾಡಿ, ಆ ಹಣದಿಂದ ಕಾರ್ಮಿಕರಿಗೆ ನೆರವು ನೀಡತಕ್ಕದ್ದೆಂದು ಏರ್ಪಾಡಾಯಿತು. ನಮ್ಮ ರಾಜ್ಯದಲ್ಲಿ ಇದಕ್ಕಾಗಿ ಕಲ್ಯಾಣ ಮಂಡಳಿಯೊಂದು 2007ರಲ್ಲಿ ಸ್ಥಾಪಿತವಾಯಿತು. ಹದಿನೆಂಟು ವರ್ಷ ತುಂಬಿ ಅರುವತ್ತು ತುಂಬದಿರುವ, ಹಿಂದಿನ ಹನ್ನೆರಡು ತಿಂಗಳಲ್ಲಿ ತೊಂಬತ್ತು ದಿನವಾದರೂ ಕಟ್ಟಡದ ಕೆಲಸ ಮಾಡಿದ ಕಾರ್ಮಿಕನು ಅದರಲ್ಲಿ ಹೆಸರು ನೋಂದಾಯಿಸಬಹುದು. ಮಕ್ಕಳ ವಿದ್ಯಾಭ್ಯಾಸ, ಹೆರಿಗೆ, ಮದುವೆ, ಅಪಘಾತ, ವೃದ್ಧಾಪ್ಯ ಮುಂತಾದ ಸಂದರ್ಭಗಳಲ್ಲಿ ಸಹಾಯಧನವನ್ನು ಕೇಳಬಹುದು.

ಕೇಳಬಹುದು ಎಂಬ ಮಾತಿನಲ್ಲಿಯೇ ಕಷ್ಟವೆಲ್ಲವೂ ಅಡಗಿದೆ. ಕೇಳುವುದಕ್ಕೆ ಅರ್ಜಿ ಬೇಕು, ಅರ್ಜಿಗೆ ದಾಖಲೆಗಳು ಬೇಕು, ದಾಖಲೆಗಳೆಲ್ಲ ಒಂದು ಗೊತ್ತಾದ ತಾರೀಖಿನೊಳಗೆ ಸೇರಬೇಕು. ಬೆಳಗ್ಗೆ ಆರು ಗಂಟೆಗೆ ಬುತ್ತಿ ಕಟ್ಟಿಕೊಂಡು ಹೊರಡುವವರಿಗೆ ಇದನ್ನೆಲ್ಲ ತಿಳಿಸುವವರಾರು? ಸಂಘವೇ ತಿಳಿಸಬೇಕು.

ಸಂಘಗಳು ಹುಟ್ಟಿದಂದಿನಿಂದಲೂ ಸಮಾಚಾರವನ್ನು ತಿಳಿಸುವುದು ಅವುಗಳ ಮೊದಲನೆಯ ಕೆಲಸವಾಗಿದೆ. ಮುಂಬಯಿಯ ಗಿರಣಿ ಕಾರ್ಮಿಕರ ಬಂಧುವಾದ ನಾರಾಯಣ ಮೇಘಾಜಿ ಲೋಖಂಡೆಯವರು 1880ರಿಂದ ‘ದೀನಬಂಧು’ ಪತ್ರಿಕೆಯನ್ನು ನಡೆಸಿದರು. ವಾರಕ್ಕೊಂದು ದಿನ ರಜೆ ಬೇಕೆಂಬ ಕೂಗಿಗೆ ಅವರೇ ಮುಂದಾಳು, 1890ರಲ್ಲಿ ಆ ರಜೆ ದೊರೆಯಿತು. 1918ರಲ್ಲಿ ಮದರಾಸಿನಲ್ಲಿ ಬಟ್ಟೆಯ ಗಿರಣಿಗಳ ಕೆಲಸಗಾರರಿಗಾಗಿ ಬಿ. ಪಿ. ವಾಡಿಯಾ ಮೊದಲಾದವರು ಸಂಘ ಕಟ್ಟಿದಾಗ, ಸಂಜೆಯ ಸಭೆಯ ಬಾಯಿಮಾತೇ ಸಂಘದ ಜೀವಾಳವಾಗಿತ್ತು. ಅನಂತರ ಕರಪತ್ರ ಬಂದಿತು, ಗೋಡೆಬರಹ ಬಂದಿತು, ಗೇಟಿನ ಬಳಿಯ ಕಪ್ಪುಹಲಗೆ ಬಂದಿತು. ಈಗ ಬಂದಿರುವುದು ಜಾಲತಾಣ. ಟಿಮ್ ಬರ್ನರ್ಸ್ ಲೀ ಎಂಬ ಇಂಗ್ಲೆಂಡಿನ ವಿಜ್ಞಾನಿಯು ಸ್ವಿಟ್ಜರ್ಲೆಂಡಿನ ಸರ್ನ್ ಎಂಬ ಸಂಶೋಧನಾಲಯದಲ್ಲಿ 1989ರಲ್ಲಿ ಇದನ್ನು ಯೋಚಿಸಿದನು. 1993ರಲ್ಲಿ ಆ ಸಂಸ್ಥೆಯು, ಯಾರೇ ಆಗಲಿ ಬಿಡಿಕಾಸನ್ನೂ ಕೊಡದೆ ಈ ವಿದ್ಯೆಯನ್ನು ಬಳಸಬಹುದೆಂದು ಸಾರಿಬಿಟ್ಟಿತು. ಆ ಔದಾರ್ಯದ ಫಲದಿಂದಲೇ ಇಂದು ದೊಡ್ಡ ಬ್ಯಾಂಕಿಗೆ ಇರುವಂತಹ ತಾಣವೇ ನಮ್ಮೂರ ಗಾರೆಕೆಲಸದವರಿಗೂ ಇರಲು ಸಾಧ್ಯವಾಯಿತು.

ನಾನು ಮೊದಲ ಸಲ ಆ ತಾಣವನ್ನು ನೋಡಿದಾಗ ಅದರ ಸ್ಥಿತಿ ಹೀಗಿತ್ತು. ಬಾಗಿಲಿನಲ್ಲಿಯೇ ‘ಸುಸ್ವಾಗತ’ವೆಂಬ ಅಕ್ಷರಗಳು ಬಲದಿಂದ ಎಡಕ್ಕೆ ಓಡುತ್ತಿದ್ದುವು. ಅದರ ಕೆಳಗೆ ಹಾರ ಹಾಕಿಸಿಕೊಂಡ ಮುಖಂಡರ ಭಾವಚಿತ್ರಗಳು ಹದಿನಾಲ್ಕು. ಆಮೇಲೆ ಪ್ರಕಟಣೆಗಳು: ಹೊಸದು ಹಳೆಯದು ಒಂದರ ಮೇಲೊಂದು ಬಿದ್ದಿದ್ದುವು. ಕೆಲವನ್ನು ಕಾಗದದ ಮೇಲೆ ಬರೆದು ಫೋಟೋ ತೆಗೆದು ಅಂಟಿಸಿದ್ದರು. ಮತ್ತೆ ಕೆಲವು ಹಳೆಯ ಬಗೆಯ ಅಕ್ಷರಪದ್ಧತಿಯಲ್ಲಿದ್ದು, ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಚಿತ್ರಾನ್ನದಂತೆ ಕಾಣುತ್ತಿದ್ದುವು.

ನಾನು ಉತ್ಸಾಹದಿಂದ ಕೆಲಸಕ್ಕೆ ತೊಡಗಿದೆನು. ಪುಟಗಳನ್ನು ಕಾಗದದ ಮೇಲೆ ಅಚ್ಚುಮಾಡಿಸಿ, ಕೆಂಪು ಶಾಯಿಯಿಂದ ತಿದ್ದಿದೆನು. ‘ವಿಧ್ಯಾರ್ಥಿ’ಯನ್ನು ‘ವಿದ್ಯಾರ್ಥಿ’ಯಾಗಿಯೂ ‘ಫಲಾನುಬವಿ’ಯನ್ನು ‘ಫಲಾನುಭವಿ’ಯಾಗಿಯೂ ಮಾಡಿದೆನು. ಮೂರು ವಾರದಲ್ಲಿ ನೂರಾರು ತಪ್ಪುಗಳು ತಿದ್ದಿಹೋದುವು. ಸಂಘದವರು ಸಂತೋಷಪಟ್ಟರು. ನನಗೂ ಒಳಗೊಳಗೇ ಹೆಮ್ಮೆಯಾಗಿತ್ತೆಂದು ಒಪ್ಪಿಕೊಳ್ಳಬೇಕು.

ನಾಲ್ಕನೆಯ ವಾರ ಒಬ್ಬ ಹೆಂಗಸು ಸಂಘದ ಕೊಠಡಿಗೆ ಬಂದಳು. ಗಾರೆ ಹೊರುವ ಕೆಲಸದವಳು, ಗಂಡನಿಲ್ಲ, ಮಗಳು ಮೊದಲನೆಯ ವರ್ಷದ ಡಿಗ್ರಿ ಓದುತ್ತಿದ್ದಳು. ವಿದ್ಯಾಭ್ಯಾಸದ ಸಹಾಯಧನಕ್ಕೆ ಅರ್ಜಿ ತುಂಬಿಸಿಕೊಡಿರೆಂದು ಕಾಗದಗಳನ್ನು ಮುಂದಿಟ್ಟಳು. ಕಾರ್ಯದರ್ಶಿಗಳು ನೋಡಿ, “ಇದರ ಅವಧಿ ಹೋದ ವಾರವೇ ಮುಗಿಯಿತಲ್ಲಮ್ಮ,” ಎಂದರು. ಅವಳು ನಂಬಲಿಲ್ಲ. “ಇನ್ನೂ ದಿನ ಐತೆ ಸ್ವಾಮಿ. ನಿಮ್ಮ ಸಂಘದ ಮೊಬೈಲಿನಾಗೇ ಐತೆ. ಮಗಳು ಓದಿ ಹೇಳಿದ್ಲು,” ಎಂದಳು.

ತೆಗೆದು ನೋಡಿದೆವು. ಇತ್ತು. “ವಿದ್ಯಾರ್ಥಿಗಳ ಸಹಾಯಧನದ ಅರ್ಜಿಗಳನ್ನು ಇದೇ ತಿಂಗಳ 30ರೊಳಗಾಗಿ ಸಲ್ಲಿಸತಕ್ಕದ್ದು.” ಯಾವ ತಿಂಗಳು? ಯಾವ ವರ್ಷ? ಅದು ಹಿಂದಿನ ವರ್ಷದ ಪ್ರಕಟಣೆ. ಹೊಸ ಪ್ರಕಟಣೆಯೂ ತಾಣದಲ್ಲಿತ್ತು. ಆದರೆ ಅದು ಫೋಟೋ ರೂಪದಲ್ಲಿ ಕೆಳಗೆಲ್ಲಿಯೋ ಇದ್ದುದರಿಂದ ಹುಡುಗಿಯು ಹುಡುಕಿದಾಗ ಸಿಕ್ಕಿದ್ದು ಹಳೆಯದೇ. ಕಾಗದಗಳನ್ನು ಕೂಡಿಸಲು ಆ ತಾಯಿ ಎರಡು ದಿನದ ಕೂಲಿಯನ್ನು ಬಿಟ್ಟಿದ್ದಳು. ಹಣ ಬರುವುದೆಂಬ ಧೈರ್ಯದಿಂದ ಕಿವಿಯ ಓಲೆಯನ್ನು ಗಿರವಿಯಿಟ್ಟು ಮಗಳ ಫೀಜನ್ನು ಕಟ್ಟಿದ್ದಳು.

ಇದಕ್ಕಿಂತಲೂ ನನ್ನನ್ನು ಚುಚ್ಚಿದ ಸಂಗತಿ ಇನ್ನೊಂದಿದೆ. ಆ ಹಳೆಯ ಪ್ರಕಟಣೆಯಲ್ಲಿದ್ದ ‘ವಿದ್ಯಾರ್ಥಿ’ ಎಂಬ ಶಬ್ದವು ಶುದ್ಧವಾಗಿತ್ತು. ಅದನ್ನು ಶುದ್ಧಪಡಿಸಿದವನು ನಾನೇ. ಮನೆಗೆ ಹೋಗಿ ನನ್ನ ಕಾಗದಗಳನ್ನು ತೆಗೆದು ನೋಡಿದೆನು. ಧಕಾರದ ಮೇಲೆ ಕೆಂಪು ಗೆರೆ ಇದೆ. ಪಕ್ಕದಲ್ಲಿಯೇ ಇದ್ದ ‘ಇದೇ ತಿಂಗಳ’ ಎಂಬುದರ ಮೇಲೆ ನನ್ನ ಲೇಖನಿ ನಿಂತಿಲ್ಲ. ಮಹಾಪ್ರಾಣವನ್ನು ಕಂಡ ಕಣ್ಣು ತಾರೀಖನ್ನು ಕಾಣಲಿಲ್ಲ. ಅಷ್ಟೇ ಅಲ್ಲ, ತಪ್ಪು ತುಂಬಿದ್ದಾಗ ಜನರು ಆ ತಾಣವನ್ನು ನಂಬದೆ ಹತ್ತು ಜನರನ್ನು ಕೇಳುತ್ತಿದ್ದರು, ಭಾಷೆ ಚೊಕ್ಕಟವಾದ ಮೇಲೆ ನಂಬತೊಡಗಿದರು. ಸುಳ್ಳಿಗೆ ಒಳ್ಳೆಯ ಬಟ್ಟೆಯನ್ನು ಉಡಿಸಿದಂತಾಯಿತು.

ಮರುದಿನ ಅವಳನ್ನು ಕಂಡು, ಆ ಹಣವನ್ನು ನಾನು ಕೊಡುವೆನೆಂದೆನು. ಅವಳು ಒಪ್ಪಲಿಲ್ಲ. “ನಿಮ್ಮ ದುಡ್ಡು ಬ್ಯಾಡಿ ಮೇಷ್ಟ್ರೇ. ಓಲೆ ಇವತ್ತಲ್ಲ ನಾಳೆ ಬಿಡಿಸ್ಕೋತೀನಿ. ಬರೋ ವರ್ಷ ತಾರೀಖು ಸರಿಯಾಗಿ ಹಾಕ್ರಿ, ನನ್ನಂಗೆ ಇನ್ನೊಬ್ಬಳು ಬರದಂಗೆ,” ಎಂದಳು. ನನಗೆ ಅನೇಕ ವಿದ್ವಾಂಸರು ಉಪದೇಶ ಮಾಡಿದ್ದಾರೆ. ಇಷ್ಟು ಚಿಕ್ಕದಾಗಿ ಮಾಡಿದವರು ಕಡಮೆ.

ಆ ವಾರ ಕಾರ್ಯಕಾರಿ ಸಮಿತಿಯಲ್ಲಿ ಈ ವಿಷಯವನ್ನು ಮುಚ್ಚಿಡದೆ ಹೇಳಿದೆನು. ಮನೆಯಲ್ಲಿ ಪೂಜೆಗೆ ಕುಳಿತವನು ಮೊದಲು ಮಾಡತಕ್ಕ ಕೆಲಸ ನಿನ್ನೆಯ ನಿರ್ಮಾಲ್ಯವನ್ನು ತೆಗೆಯುವುದು. ಅದನ್ನು ತೆಗೆಯದೆ ಹೊಸ ಹೂವನ್ನೇರಿಸುತ್ತ ಹೋದರೆ ಪೀಠದ ಮೇಲೆ ಉಳಿಯುವುದು ಕೊಳೆಯೊಂದೇ. ಜಾಲತಾಣಕ್ಕೆ ಹೊಸದನ್ನು ಸೇರಿಸಲು ಎಲ್ಲರಿಗೂ ಉತ್ಸಾಹವಿರುತ್ತದೆ. ಹಳೆಯದನ್ನು ತೆಗೆಯುವುದು ಯಾರ ಕೆಲಸವೂ ಅಲ್ಲ. ಆದುದರಿಂದ ಅದನ್ನು ಒಬ್ಬರ ಕೆಲಸವಾಗಿ ಮಾಡಬೇಕೆಂದು ಸೂಚಿಸಿದೆನು. ಸಮಿತಿಯವರು ಒಪ್ಪಿ, ಆ ಕೆಲಸವನ್ನು ನನಗೇ ವಹಿಸಿದರು. ಅಂದಿನಿಂದ ನಾವು ಮಾಡಿಕೊಂಡ ಏರ್ಪಾಡುಗಳನ್ನು ಹೇಳುತ್ತೇನೆ. ಯಾವ ಸಂಘದವರು ಬೇಕಾದರೂ ಇವನ್ನು ಅನುಸರಿಸಬಹುದು. ಯಾವುದಕ್ಕೂ ಹೆಚ್ಚಿನ ಖರ್ಚಿಲ್ಲ.

ಮೊದಲನೆಯದು, ತಾರೀಖು. ‘ಇದೇ ತಿಂಗಳು’, ‘ಬರುವ ಸೋಮವಾರ’, ‘ಈ ಸಾಲು’ ಎಂಬ ಮಾತುಗಳು ಕರಪತ್ರಕ್ಕೆ ಸಲ್ಲುತ್ತವೆ. ಏಕೆಂದರೆ ಕರಪತ್ರವು ಹರಿದುಹೋಗುತ್ತದೆ. ಜಾಲತಾಣದ ಬರಹವು ಹರಿಯುವುದಿಲ್ಲ, ಬಣ್ಣಗೆಡುವುದಿಲ್ಲ. ಹತ್ತು ವರ್ಷದ ಹಿಂದಿನದೂ ಇಂದಿನಂತೆಯೇ ಹೊಳೆಯುತ್ತಿರುತ್ತದೆ. ಅದರ ಅಪಾಯವೇ ಅದು. ಆದುದರಿಂದ ಪ್ರತಿಯೊಂದು ಪ್ರಕಟಣೆಯಲ್ಲಿಯೂ ವಾರ, ದಿನ, ತಿಂಗಳು, ವರ್ಷ ನಾಲ್ಕನ್ನೂ ಬರೆಯುತ್ತೇವೆ. ಬರೆದ ದಿನವನ್ನೂ ತೆಗೆಯತಕ್ಕ ದಿನವನ್ನೂ ಒಂದು ನೋಟುಬುಕ್ಕಿನಲ್ಲಿ ಗುರುತುಮಾಡುತ್ತೇವೆ. ತಿಂಗಳ ಮೊದಲನೆಯ ಭಾನುವಾರ ನೋಟುಬುಕ್ಕನ್ನೂ ತಾಣವನ್ನೂ ಎದುರುಬದುರಾಗಿಟ್ಟು ನೋಡುತ್ತೇವೆ. ತೆಗೆದುದನ್ನು ನಾಶಮಾಡದೆ ‘ಹಳೆಯ ಕಡತ’ವೆಂಬ ಬೇರೆ ಪುಟದಲ್ಲಿಟ್ಟು, ಪ್ರತಿಯೊಂದರ ನೆತ್ತಿಯ ಮೇಲೂ ‘ಇದರ ಅವಧಿ ಮುಗಿದಿದೆ’ ಎಂದು ಬರೆಯುತ್ತೇವೆ.

ತಾರೀಖಿನಂತೆಯೇ ಕಾನೂನೂ ಹಳೆಯದಾಗುತ್ತದೆ. 2025ನೆಯ ನವೆಂಬರ್ 21ರಂದು ಕೇಂದ್ರ ಸರ್ಕಾರವು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಇಪ್ಪತ್ತೊಂಬತ್ತು ಹಳೆಯ ಕಾಯಿದೆಗಳ ಸ್ಥಾನದಲ್ಲಿ ಇವು ಬಂದುವು. 1926ರ ಕಾರ್ಮಿಕ ಸಂಘಗಳ ಕಾಯಿದೆಯೂ 1996ರ ಕಟ್ಟಡ ಕಾರ್ಮಿಕರ ಕಾಯಿದೆಗಳೂ ಅವುಗಳಲ್ಲಿ ಸೇರಿದ್ದುವು. ಒಂದು ಉದಾಹರಣೆ ಹೇಳುತ್ತೇನೆ. ಸ್ವಂತ ವಾಸಕ್ಕಾಗಿ ಕಟ್ಟುವ ಮನೆಯ ವೆಚ್ಚ ಹತ್ತು ಲಕ್ಷ ರೂಪಾಯಿಗಳನ್ನು ಮೀರದಿದ್ದರೆ ಅದು ಹಳೆಯ ಕಾಯಿದೆಗೆ ಒಳಪಡುತ್ತಿರಲಿಲ್ಲ. ಸಾಮಾಜಿಕ ಭದ್ರತೆಯ ಸಂಹಿತೆಯು ಆ ಮಿತಿಯನ್ನು ಐವತ್ತು ಲಕ್ಷಕ್ಕೆ ಏರಿಸಿತು. ನಮ್ಮ ತಾಣದಲ್ಲಿ ಆರು ಕಡೆಗಳಲ್ಲಿ ಹತ್ತು ಲಕ್ಷವೆಂದೇ ಇತ್ತು. ಆರನ್ನೂ ಹುಡುಕಿ ತಿದ್ದಲು ಎರಡು ಸಂಜೆ ಹಿಡಿಯಿತು. ಅಂದಿನಿಂದ, ಬದಲಾಗತಕ್ಕ ಸಂಖ್ಯೆಯನ್ನು ಒಂದೇ ಕಡೆ ಬರೆದು, ಉಳಿದೆಡೆಗಳಿಂದ ಅಲ್ಲಿಗೆ ದಾರಿ ತೋರಿಸುವುದೆಂದು ನಿಯಮ ಮಾಡಿದ್ದೇವೆ.

ಎರಡನೆಯದು, ಅಕ್ಷರ. ಫೋಟೋ ತೆಗೆದು ಅಂಟಿಸಿದ ಪ್ರಕಟಣೆಯು ಮನುಷ್ಯನ ಕಣ್ಣಿಗೆ ಬರಹ. ಯಂತ್ರಕ್ಕೆ ಅದೊಂದು ಚಿತ್ರ. ಹುಡುಕಿದರೆ ಸಿಕ್ಕುವುದಿಲ್ಲ; ಕಣ್ಣಿಲ್ಲದವರಿಗೆ ಓದಿ ಹೇಳುವ ತಂತ್ರಾಂಶವು ಅದರ ಮುಂದೆ ಮೂಕವಾಗುತ್ತದೆ. ಹಳೆಯ ಅಕ್ಷರಪದ್ಧತಿಯದು ಬೇರೊಂದು ತೊಂದರೆ. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೆ ಕನ್ನಡದ ಆಕಾರವನ್ನು ಮುಸುಕು ಹಾಕಿರುತ್ತಾರೆ. ಆ ಮುಸುಕು ಇಲ್ಲದ ಮೊಬೈಲಿನಲ್ಲಿ ಒಳಗಿನ ಇಂಗ್ಲಿಷು ಹೊರಬೀಳುತ್ತದೆ. ಯೂನಿಕೋಡ್ ಎಂಬ ಲೋಕಸಮ್ಮತವಾದ ಪದ್ಧತಿಯಲ್ಲಿಯಾದರೋ ಕನ್ನಡದ ಒಂದೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯಿದೆ; 1991ರಲ್ಲಿ ಹೊರಬಂದ ಮೊದಲನೆಯ ಆವೃತ್ತಿಯಲ್ಲಿಯೇ ನಮ್ಮ ಲಿಪಿಗೆ ಸ್ಥಾನ ದೊರಕಿತ್ತು. ಹಳೆಯ ಪ್ರಕಟಣೆಗಳಲ್ಲಿ ಬೇಕಾದುವನ್ನೆಲ್ಲ ಈ ಪದ್ಧತಿಗೆ ತಂದೆವು. ಹದಿನಾಲ್ಕು ಭಾವಚಿತ್ರಗಳನ್ನು ಒಳಗಿನ ಪುಟಕ್ಕೆ ಕಳುಹಿಸಿದೆವು. ಇದರಿಂದ ಇಬ್ಬರು ಮುಖಂಡರಿಗೆ ಮುನಿಸುಂಟಾಯಿತು. ಆದರೆ ತಾಣವನ್ನು ನೋಡುವವರಿಗೆ ಮೊಬೈಲಿನ ಡೇಟಾ ಎಂಬುದು ಹಣ ಕೊಟ್ಟು ಕೊಂಡ ವಸ್ತು. ನಮ್ಮ ಹಾರತುರಾಯಿಗಳಿಗಾಗಿ ಅದನ್ನು ವೆಚ್ಚಮಾಡಿಸುವುದು ನ್ಯಾಯವಲ್ಲವೆಂದಾಗ ಅವರೂ ಸುಮ್ಮನಾದರು.

ಮೂರನೆಯದು, ಗುಟ್ಟು. ದೇಹಲೀದೀಪವೆಂಬ ನ್ಯಾಯವನ್ನು ವಾಚಕರು ಕೇಳಿರಬಹುದು. ಹೊಸಲಿನ ಮೇಲಿಟ್ಟ ದೀಪವು ಮನೆಯ ಒಳಕ್ಕೂ ಬೀದಿಗೂ ಬೆಳಕು ಕೊಡುತ್ತದೆ. ಸಂಘದ ತಾಣವೂ ಹಾಗೆಯೇ; ಸದಸ್ಯನು ನೋಡುವುದನ್ನು ಬೀದಿಯಲ್ಲಿ ಹೋಗುವವನೂ ನೋಡುತ್ತಾನೆ. ನಮ್ಮ ತಾಣದಲ್ಲಿ ಸದಸ್ಯರ ಪಟ್ಟಿಯೊಂದಿತ್ತು: ಹೆಸರು, ಮೊಬೈಲ್ ಸಂಖ್ಯೆ, ಆಧಾರ್ ಸಂಖ್ಯೆ ಸಹಿತ! ಹಾಕಿದವನಿಗೆ ದುರುದ್ದೇಶವಿರಲಿಲ್ಲ, ಹುಡುಕಲು ಸುಲಭವಾಗಲೆಂದು ಹಾಕಿದ್ದನು. ಮೋಸಗಾರರಿಗೂ ಅದು ಅಷ್ಟೇ ಸುಲಭವೆಂದು ಅವನಿಗೆ ಹೊಳೆಯಲಿಲ್ಲ. ನಮ್ಮ ಕೋಲಾರದ ಚಿನ್ನದ ಗಣಿಗಳಲ್ಲಿ 1930ರಲ್ಲಿ ಕೆಲಸಗಾರರು ದೊಡ್ಡ ಮುಷ್ಕರ ಹೂಡಿದುದು ಬೆರಳಚ್ಚನ್ನು ತೆಗೆದುಕೊಳ್ಳುವ ನೋಂದಣಿಯ ಪದ್ಧತಿಯನ್ನು ವಿರೋಧಿಸಿಯೇ. ತನ್ನ ಗುರುತು ಪರರ ಕೈಸೇರಿದರೆ ಏನಾಗುವುದೆಂದು ಓದುಬರಹವಿಲ್ಲದ ಆ ಗಣಿಯಾಳುಗಳಿಗೆ ತಿಳಿದಿತ್ತು. ಓದಿದ ನಮಗೆ ಮರೆತುಹೋಗಿತ್ತು. ಪಟ್ಟಿಯನ್ನು ಅಂದೇ ತೆಗೆಸಿದೆವು. 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ ಕಾಯಿದೆಯೂ ಆಗಿದೆ. ಆದರೆ ಇದಕ್ಕೆ ಕಾಯಿದೆಗಿಂತ ಮೊದಲು ಮರ್ಯಾದೆಯೇ ಸಾಕು.

ನಾಲ್ಕನೆಯದು, ಬೀಗದ ಕೈ. ತಾಣದ ವಿಳಾಸವು ಬೆಂಗಳೂರಿಗೆ ಹೋದ ಹುಡುಗನ ಸ್ವಂತ ಹೆಸರಿನಲ್ಲಿತ್ತು. ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು. ವರ್ಷಂಪ್ರತಿ ಕಟ್ಟಬೇಕಾದ ಹಣದ ಜ್ಞಾಪನಪತ್ರ ಅವನ ಹಳೆಯ ಮಿಂಚಂಚೆಗೆ ಹೋಗುತ್ತಿತ್ತು. ಹಣ ಕಟ್ಟದೆ ಅವಧಿ ಕಳೆದರೆ ಆ ವಿಳಾಸವನ್ನು ಬೇರೆ ಯಾರಾದರೂ ಕೊಂಡುಕೊಳ್ಳಬಹುದು. ಸಂಘದ ಹೆಸರಿನ ಬಾಗಿಲಿನಲ್ಲಿ ಜೂಜುಕೋರನು ಅಂಗಡಿಯಿಡಬಹುದು. ಪುಣ್ಯವಶಾತ್ ಹುಡುಗನು ಸಜ್ಜನ; ಕೇಳಿದೊಡನೆ ಎಲ್ಲವನ್ನೂ ಒಪ್ಪಿಸಿದನು. ಈಗ ವಿಳಾಸವು ಶಾಖೆಯ ಹೆಸರಿನಲ್ಲಿದೆ. ಪಾಸ್‌ವರ್ಡನ್ನು ಬರೆದ ಲಕೋಟೆಗಳು ಎರಡು: ಒಂದು ಕಾರ್ಯದರ್ಶಿಗಳಲ್ಲಿ, ಒಂದು ಖಜಾಂಚಿಗಳಲ್ಲಿ. ಹಣ ಕಟ್ಟುವ ದಿನವನ್ನು ಸಂಘದ ಲೆಕ್ಕದ ಪುಸ್ತಕದ ಮೊದಲನೆಯ ಹಾಳೆಯಲ್ಲಿಯೇ ಬರೆದಿದ್ದೇವೆ.

ಐದನೆಯದು, ಭಾಷೆ. ಇದರಲ್ಲಿ ನನ್ನ ಅಭಿಮಾನಕ್ಕೆ ಭಂಗ ಬಂದಿತೆಂದು ಹೇಳಿದರೆ ವಾಚಕರು ನಗಬಹುದು. ‘ಅರ್ಹ ಫಲಾನುಭವಿಗಳು ಅಗತ್ಯ ದಾಖಲಾತಿಗಳೊಂದಿಗೆ ನಿಗದಿತ ನಮೂನೆಯಲ್ಲಿ ಸಲ್ಲಿಸತಕ್ಕದ್ದು’ ಎಂಬ ವಾಕ್ಯದಲ್ಲಿ ವ್ಯಾಕರಣದೋಷವಿಲ್ಲ. ನಾನು ಅದನ್ನು ಮೆಚ್ಚಿಯೇ ಬಿಟ್ಟಿದ್ದೆನು. ಆ ತಾಯಿಗೆ ಓದಿ ಹೇಳಿದಾಗ, “ಅಂದ್ರೆ ನಾನು ಏನು ತರಬೇಕು?” ಎಂದಳು. ಈಗ ಅಲ್ಲಿ ಹೀಗಿದೆ: ‘ತರಬೇಕಾದ ಕಾಗದಗಳು: ನಿಮ್ಮ ಮಂಡಳಿಯ ಕಾರ್ಡು, ಮಗುವಿನ ಅಂಕಪಟ್ಟಿ, ನಿಮ್ಮ ಬ್ಯಾಂಕಿನ ಪುಸ್ತಕ. ಎಲ್ಲಿಗೆ, ಯಾವ ಹೊತ್ತಿಗೆ, ಯಾವ ದಿನದೊಳಗೆ.’ ಪ್ರೌಢಭಾಷೆಗೆ ಸ್ಥಾನವಿರುವುದು ಈ ಲೇಖನದಂತಹ ಕಡೆಗಳಲ್ಲಿ, ಅರ್ಜಿಯ ವಿವರಣೆಯಲ್ಲಲ್ಲ. ಹೊಸ ಪ್ರಕಟಣೆಯನ್ನು ತಾಣಕ್ಕೆ ಏರಿಸುವ ಮೊದಲು ಯಾರಾದರೊಬ್ಬ ಕೆಲಸಗಾರರಿಗೆ ಓದಿ ಹೇಳಿ, “ಇದನ್ನು ಕೇಳಿದ ಮೇಲೆ ನಾಳೆ ನೀವು ಏನು ಮಾಡುವಿರಿ?” ಎಂದು ಪ್ರಶ್ನಿಸುತ್ತೇವೆ. ಉತ್ತರ ಸರಿಯಾಗಿ ಬಾರದಿದ್ದರೆ ತಪ್ಪು ಕೇಳಿದವರದಲ್ಲ, ಬರೆದವರದು. ತರಗತಿಯಲ್ಲಿ ಈ ಸೂತ್ರವನ್ನು ನಾನು ಎಷ್ಟು ಸಲ ಪಾಲಿಸಿದ್ದೆನೋ ದೇವರೇ ಬಲ್ಲ.

ಇಷ್ಟಾದರೂ ಜಾಲತಾಣವೊಂದರಿಂದಲೇ ಎಲ್ಲವೂ ಆಯಿತೆಂದು ತಿಳಿಯಬಾರದು. ನಮ್ಮ ಸದಸ್ಯರಲ್ಲಿ ಓದಲಾರದವರು ಬಹುಮಂದಿ. ಆದುದರಿಂದ ಮುಖ್ಯವಾದ ಪ್ರಕಟಣೆಯನ್ನು ಬೆಳಗಿನ ಹೊತ್ತು ಕೂಲಿಯಾಳುಗಳು ಕೂಡುವ ವೃತ್ತದಲ್ಲಿ ಒಬ್ಬರು ನಿಂತು ಗಟ್ಟಿಯಾಗಿ ಓದುತ್ತಾರೆ. ಮದರಾಸಿನಲ್ಲಿ 1918ರಲ್ಲಿ ನಡೆದಂತೆಯೇ ಇದೂ ಬಾಯಿಮಾತು. ಆದರೆ ಆ ಬಾಯಿಗೆ ಆಧಾರವಾದ ಬರಹವು ಈಗ ನೆಚ್ಚತಕ್ಕದ್ದಾಗಿದೆ.

ಮುಂದಿನ ವರ್ಷ ಆ ತಾಯಿಯು ಅವಧಿಗೆ ಹತ್ತು ದಿನ ಮುಂಚೆಯೇ ಬಂದು ಅರ್ಜಿಯನ್ನು ಕೊಟ್ಟಳು. ಹಿಂದಿನ ವರ್ಷದ ನೆರವು ಮಾತ್ರ ಹೋದದ್ದು ಹೋಯಿತು. ಅದನ್ನು ಯಾರೂ ಹಿಂದಕ್ಕೆ ತರಲಾರರು. ಮಗಳು ಈಗ ತಿಂಗಳ ಮೊದಲನೆಯ ಭಾನುವಾರ ನಮ್ಮ ಜತೆ ಕುಳಿತು ನೋಟುಬುಕ್ಕಿನ ತಾರೀಖುಗಳನ್ನು ಓದುತ್ತಾಳೆ. ನಾನು ತಾಣವನ್ನು ನೋಡಿ ‘ಇದೆ’, ‘ತೆಗೆದಿದೆ’ ಎನ್ನುತ್ತೇನೆ. ನನ್ನ ಕಣ್ಣು ತಪ್ಪಿದರೆ ಅವಳ ಕಣ್ಣು ಹಿಡಿಯುತ್ತದೆ.

ವಾಚಕರಲ್ಲಿ ಒಂದು ಪ್ರಾರ್ಥನೆ. ನಿಮ್ಮ ಮನೆಗಳಲ್ಲಿ ಈ ಯಂತ್ರವಿದ್ಯೆಯನ್ನು ಬಲ್ಲ ಮಕ್ಕಳಿದ್ದಾರೆ. ನಿಮ್ಮೂರಿನಲ್ಲಿಯೂ ಇಂತಹ ಸಂಘಗಳಿದ್ದಾವು: ಕಟ್ಟಡದವರದು, ಬೀಡಿ ಕಟ್ಟುವವರದು, ಅಂಗನವಾಡಿಯವರದು. ತಿಂಗಳಿಗೆ ಎರಡು ಗಂಟೆಯ ಹೊತ್ತನ್ನು ಆ ಕಡೆಗೆ ಕೊಡುವಂತೆ ಮಕ್ಕಳಿಗೆ ಹೇಳಿರಿ. ಹೊಸ ಬಣ್ಣ, ಓಡುವ ಅಕ್ಷರ ಇವುಗಳ ಚಪಲವನ್ನು ಬಿಟ್ಟು, ಮೊದಲು ಹಳೆಯ ತಾರೀಖುಗಳನ್ನು ತೆಗೆಯಹೇಳಿರಿ. ಒಬ್ಬಳ ಕಿವಿಯ ಓಲೆ ಕಿವಿಯಲ್ಲಿಯೇ ಉಳಿದೀತು.